ವೆಬ್‌ಸೈಟಿನಾಗ ಬೇಕಾದ್ದು ಸಿಗವಲ್ದು, ಏನ್ ಮಾಡೋಣ? – ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲದ ಉತಾರ, ರೈಲಿನ ವೇಳೆ, ಪರೀಕ್ಷೆಯ ಫಲಿತಾಂಶ, ಮೆಣಸಿನಕಾಯಿ ದರ, ವಿದ್ಯಾರ್ಥಿವೇತನ ಎಲ್ಲವೂ ಈಗ ಯಾವುದೋ ಒಂದು ವೆಬ್‌ಸೈಟಿನಲ್ಲಿ ಇರುತ್ತವೆ. ಆದರೆ ಇರುವುದು ಬೇರೆ, ಕೈಗೆ ಸಿಗುವುದು ಬೇರೆ. ಧಾರವಾಡದಲ್ಲಿ ಓದುವ ಹುಡುಗರಿಗೆ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬರುವ ರೈತರಿಗೆ ಆನ್‌ಲೈನ್ ಕೆಲಸಗಳಲ್ಲಿ ನೆರವಾಗುವಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹುಡುಕಿದ್ದು ಸಿಗದಿದ್ದರೆ ನಿಮ್ಮ ತಲೆಗೆ ಏನೂ ಆಗಿಲ್ಲ. ನೀವು ಆಡುವ ಮಾತು ಒಂದು, ಸೈಟು ಬರೆದುಕೊಂಡಿರುವ ಮಾತು ಇನ್ನೊಂದು. ಬಹಳಷ್ಟು ತೊಂದರೆ ಹುಟ್ಟುವುದು ಅಲ್ಲಿಯೇ.

ಗೂಗಲ್‌ನಲ್ಲಿ ಹುಡುಕೋದು ಚಲೋನೋ, ಸೀದಾ ಸೈಟಿಗೆ ಹೋಗಿ ಮೆನು ಒತ್ತೋದು ಚಲೋನೋ?

ನಿಮಗೆ ಏನು ಬೇಕು ಅನ್ನುವುದು ಎಷ್ಟು ಖಚಿತವಾಗಿ ಗೊತ್ತಿದೆ ಅನ್ನುವುದರ ಮೇಲೆ ಹೋಗುತ್ತದೆ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ನೋಡಿ, ಕೆಲವರು ಬೋರ್ಡ್ ಓದುತ್ತಾ ಪ್ಲಾಟ್‌ಫಾರ್ಮ್ ಹುಡುಕುತ್ತಾರೆ, ಕೆಲವರು ಸೀದಾ ಕಂಟ್ರೋಲರ್ ಹತ್ತಿರ ಹೋಗಿ "ಲಕ್ಷ್ಮೇಶ್ವರದ ಗಾಡಿ ಎಲ್ಲಿ ನಿಂದರ್ತೈತ್ರಿ?" ಎಂದು ಕೇಳುತ್ತಾರೆ. ಮೆನು ಎಂದರೆ ಬೋರ್ಡು, ಹುಡುಕು ಪೆಟ್ಟಿಗೆ ಎಂದರೆ ಕಂಟ್ರೋಲರ್. ಊರಿನ ಹೆಸರು ಗೊತ್ತಿದ್ದರೆ ಕೇಳುವುದೇ ಬೇಗ.

ಆದರೆ ಹೆಸರೇ ಗೊತ್ತಿಲ್ಲದಿದ್ದರೆ? ಪಿಯುಸಿ ಮುಗಿಸಿದ ಹುಡುಗಿಗೆ ತನಗೆ ಯಾವ ಯಾವ ವಿದ್ಯಾರ್ಥಿವೇತನ ಸಿಗಬಹುದು ಎಂಬುದೇ ತಿಳಿದಿರುವುದಿಲ್ಲ. ತಿಳಿಯದ್ದನ್ನು ಪೆಟ್ಟಿಗೆಯಲ್ಲಿ ಬರೆಯುವುದು ಹೇಗೆ? ಅಲ್ಲಿ ಮೆನುವೇ ಮೇಲು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಎಂದು ಇಲಾಖೆಗಳ ಹೆಸರು ಸಾಲಾಗಿ ಕಂಡಾಗ ತನ್ನದು ಯಾವುದು ಎಂದು ಅವಳೇ ಗುರುತಿಸುತ್ತಾಳೆ. ನೆನಪಿನಿಂದ ಬರೆಯುವುದಕ್ಕಿಂತ ಕಂಡದ್ದನ್ನು ಗುರುತಿಸುವುದು ಎಲ್ಲರಿಗೂ ಸುಲಭ.

ಆಂಡ್ರೆ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ 2002ರಲ್ಲಿ ಜನರ ಹುಡುಕಾಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಒಂದು ನಿರ್ದಿಷ್ಟ ಸೈಟಿಗೆ ಹೋಗುವುದಕ್ಕೆ, ಒಂದು ವಿಷಯ ತಿಳಿಯುವುದಕ್ಕೆ, ಒಂದು ಕೆಲಸ ಮಾಡಿ ಮುಗಿಸುವುದಕ್ಕೆ. "ಹೆಸ್ಕಾಂ" (ನಮ್ಮ ಭಾಗದ ವಿದ್ಯುತ್ ಕಂಪನಿ) ಎಂದಷ್ಟೇ ಬರೆದರೆ ಮೊದಲನೆಯದು. ಬಿಲ್ ಕಟ್ಟಲು ಬಂದವರು ಹಾಗೆ ಬರೆದರೆ ಮುಖಪುಟದಲ್ಲಿ ನಿಂತುಬಿಡುತ್ತಾರೆ. "ಹೆಸ್ಕಾಂ ಬಿಲ್ ಪಾವತಿ" ಎಂದು ಕೆಲಸವನ್ನೂ ಸೇರಿಸಿ ಬರೆಯಿರಿ.

ಸರಿಯಾಗಿಯೇ ಬರೆದಿದ್ದೇನೆ, ಆದರೂ "ಫಲಿತಾಂಶ ಇಲ್ಲ" ಎನ್ನುತ್ತದೆ. ಯಾಕೆ?

ನಮ್ಮ ಕಡೆ ಹೊಲದ ಕಾಗದಕ್ಕೆ ಉತಾರ ಎನ್ನುತ್ತಾರೆ. ಸರ್ಕಾರದ ಸೈಟಿನಲ್ಲಿ ಅದು ಪಹಣಿ, ಇಲ್ಲವೇ ಆರ್‌ಟಿಸಿ. ಅಪ್ಪ ತೀರಿಕೊಂಡ ಮೇಲೆ ಮಕ್ಕಳ ಹೆಸರು ಹಚ್ಚುವುದಕ್ಕೆ ಊರಲ್ಲಿ "ವಾರಸಾ ಮಾಡಸೋದು" ಎನ್ನುತ್ತೇವೆ, ಸೈಟಿನಲ್ಲಿ ಅದು ಪೌತಿ ಖಾತೆ ಎಂದಿರುತ್ತದೆ, ಇನ್ನೊಂದು ಪುಟದಲ್ಲಿ ಹಕ್ಕು ಬದಲಾವಣೆ, ಮತ್ತೊಂದರಲ್ಲಿ ಮ್ಯುಟೇಶನ್. ಲೈಟ್ ಬಿಲ್ ಅಲ್ಲಿ ವಿದ್ಯುತ್ ಶುಲ್ಕವಾಗುತ್ತದೆ. ಗೂಗಲ್‌ನಂಥ ದೊಡ್ಡ ಹುಡುಕು ಯಂತ್ರ ಇವುಗಳ ನಡುವಿನ ನಂಟನ್ನು ಒಂದಿಷ್ಟು ಊಹಿಸುತ್ತದೆ. ಇಲಾಖೆಯ ಸೈಟಿನೊಳಗಿನ ಹುಡುಕು ಪೆಟ್ಟಿಗೆಗೆ ಆ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ. ನೀವು ಕೊಟ್ಟ ಅಕ್ಷರಗಳು ಅದೇ ಸಾಲಾಗಿ ಎಲ್ಲಿವೆ ಎಂದು ನೋಡುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ.

ಇದು ನಮ್ಮ ಭಾಗದ್ದೇ ಪಾಡು ಅಂತಲ್ಲ. 1987ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫರ್ನಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಸ್ತುವಿಗೆ ತಾವಾಗಿಯೇ ಹೆಸರು ಕೊಡಿ ಎಂದರೆ ಇಬ್ಬರು ಒಂದೇ ಪದ ಹೇಳುವ ಸಾಧ್ಯತೆ ಶೇ 20ಕ್ಕಿಂತ ಕಡಿಮೆ ಎಂದು ಕಂಡುಬಂತು. ಸೈಟು ಬರೆದವರೂ ನೀವೂ ಒಂದೇ ಪದ ಹಿಡಿಯಲಿಲ್ಲ ಎಂದರೆ ಅದರಲ್ಲಿ ಅಚ್ಚರಿ ಇಲ್ಲ.

ಮಾಡಬೇಕಾದ್ದು ಇಷ್ಟು. ಮೊದಲು ಮನೆಯ ಮಾತಿನಲ್ಲಿ ಹುಡುಕಿ, ಸಿಗದಿದ್ದರೆ ಕಚೇರಿಯ ಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕಚೇರಿಯ ಮಾತು ಗೊತ್ತಿಲ್ಲವೆಂದರೆ ಟ್ರಂಕಿನಲ್ಲಿರುವ ಹಳೆಯ ಕಾಗದ ತೆಗೆಯಿರಿ. ಹಳೆ ಉತಾರ, ಹಳೆ ರಸೀದಿ, ಹಳೆ ಪ್ರಮಾಣಪತ್ರದ ತಲೆಯ ಮೇಲೆ ದಪ್ಪಕ್ಷರದಲ್ಲಿ ಏನಿದೆಯೋ ಆ ಪದವನ್ನೇ ಹುಡುಕಿ. ಇಲಾಖೆಗಳು ವೆಬ್‌ಸೈಟ್ ಮಾಡುವಾಗ ಆ ತಲೆಬರಹಗಳನ್ನೇ ಎತ್ತಿ ಹಾಕಿರುತ್ತವೆ.

ಊರಿನ ಹೆಸರು ಹಾಕಿದರೂ ನಮ್ಮೂರು ಬರುವುದಿಲ್ಲ. ಯಾಕೆ?

ನಮ್ಮ ಭಾಗದಲ್ಲಿ ಇದು ಬಹಳ. ಸ್ವಲ್ಪ ಇತಿಹಾಸ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಎಲ್ಲ ಧಾರವಾಡ ಜಿಲ್ಲೆ. ಆದ್ದರಿಂದ 1990ರ ಗದುಗಿನ ಒಂದು ಅಂಕಿಸಂಖ್ಯೆ ಬೇಕೆಂದರೆ ಧಾರವಾಡದ ಕೆಳಗೆ ನೋಡಬೇಕು. 1956ಕ್ಕೂ ಹಿಂದಿನದು ಬೇಕಾದರೆ ಮುಂಬೈ ಪ್ರಾಂತ್ಯದ ದಾಖಲೆಗಳಲ್ಲಿ ಹುಡುಕಬೇಕು. ತೀರ ಈಚೆಗೆ ಅಣ್ಣಿಗೇರಿ, ಅಳ್ನಾವರ, ಲಕ್ಷ್ಮೇಶ್ವರ, ಗಜೇಂದ್ರಗಡ, ರಟ್ಟೀಹಳ್ಳಿ ಹೊಸ ತಾಲೂಕುಗಳಾದವು. ಎಲ್ಲ ಸೈಟುಗಳೂ ಒಟ್ಟಿಗೆ ಬದಲಾಗಲಿಲ್ಲ. ಒಂದು ಸೈಟಿನಲ್ಲಿ ನಿಮ್ಮ ಹಳ್ಳಿ ಅಣ್ಣಿಗೇರಿ ತಾಲೂಕಿನಲ್ಲಿದ್ದರೆ ಇನ್ನೊಂದರಲ್ಲಿ ಇನ್ನೂ ನವಲಗುಂದದಲ್ಲೇ ಇರಬಹುದು.

ಹುಬ್ಬಳ್ಳಿಯ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಪುಟಗಳಲ್ಲಿ "ಹುಬ್ಲಿ" ಎಂಬ ಕಾಗುಣಿತವೇ ಉಳಿದಿದೆ. ರೈಲ್ವೆ ಸೈಟಿನಲ್ಲಿ ನಿಲ್ದಾಣ ಈಗ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿನಲ್ಲಿದೆ, ಪಟ್ಟಿಯಲ್ಲಿ "ಎಸ್‌ಎಸ್‌ಎಸ್ ಹುಬ್ಬಳ್ಳಿ" ಎಂದು ಕಾಣುತ್ತದೆ. ಅದರ ಸಂಕೇತ ಮಾತ್ರ ಹಳೆಯದೇ: ಯುಬಿಎಲ್. ಆ ಮೂರಕ್ಷರ ಹೊಡೆದರೆ ಕಾಗುಣಿತದ ಗೊಡವೆಯೇ ಇಲ್ಲ. ಧಾರವಾಡಕ್ಕೆ ಡಿಡಬ್ಲ್ಯುಆರ್, ಗದಗಕ್ಕೆ ಜಿಡಿಜಿ, ಹಾವೇರಿಗೆ ಎಚ್‌ವಿಆರ್. ರಾಣೆಬೆನ್ನೂರು, ಬ್ಯಾಡಗಿ, ಸವಣೂರುಗಳನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುವವರಿದ್ದಾರೆ, ಒಂದರಲ್ಲಿ ಸಿಗದಿದ್ದರೆ ಮತ್ತೊಂದು ಹಾಕಿ ನೋಡಿ.

ಉತಾರ ತೆಗೆಯುವುದನ್ನೇ ಹತ್ತಿರದಿಂದ ನೋಡೋಣ. ಸರ್ಕಾರದ ಜಮೀನು ದಾಖಲೆಗಳ "ಭೂಮಿ" ಸೈಟಿನಲ್ಲಿ ಬರೆಯುವುದಕ್ಕಿಂತ ಆರಿಸುವುದೇ ಹೆಚ್ಚು: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರ್. ಜನ ಸಿಕ್ಕಿಬೀಳುವುದು ಎರಡು ಕಡೆ. ಒಂದು ಹೋಬಳಿ. ತಮ್ಮ ಹಳ್ಳಿ ಯಾವ ಹೋಬಳಿಗೆ ಸೇರಿದೆ ಎಂದು ನೆನಪಿರುವುದಿಲ್ಲ, ತಪ್ಪು ಹೋಬಳಿ ಆರಿಸಿದರೆ ಗ್ರಾಮಗಳ ಪಟ್ಟಿಯಲ್ಲಿ ಊರೇ ಬರುವುದಿಲ್ಲ. ಆಗ ಒಂದೊಂದೇ ಹೋಬಳಿ ತೆರೆದು ನೋಡಬೇಕು, ಒಂದು ತಾಲೂಕಿಗೆ ಹೋಬಳಿಗಳು ಕೆಲವೇ ಇರುವುದರಿಂದ ಅದು ದೊಡ್ಡ ಕೆಲಸವಲ್ಲ. ಇನ್ನೊಂದು ಸರ್‌ನಾಕ್ ಎಂಬ ಖಾನೆ. ಸರ್ವೆ ನಂಬರಿನ ಪಕ್ಕದಲ್ಲಿ ಬರುವ ಇದರಲ್ಲಿ ಬಹಳ ಸಲ ಒಂದು ನಕ್ಷತ್ರ ಚಿಹ್ನೆ ಬಿಟ್ಟರೆ ಬೇರೇನೂ ಇರುವುದಿಲ್ಲ. "ಇದೇನ್ ತಮ್ಮಾ, ಚುಕ್ಕಿ ಅಷ್ಟ ಐತಿ?" ಎಂದು ಹಿರಿಯರು ಗಾಬರಿಯಾಗುತ್ತಾರೆ. ಆ ನಕ್ಷತ್ರವನ್ನೇ ಆರಿಸಬೇಕು, ಆಮೇಲೆ ಹಿಸ್ಸಾ ನಂಬರ್ ತೆರೆಯುತ್ತದೆ. ಇಂಥ ಖಾನೆಯ ಪಕ್ಕ ಒಂದು ಸಾಲಿನ ವಿವರಣೆ ಬರೆದಿದ್ದರೆ ಎಷ್ಟು ರೈತರ ಪೇಟೆ ಅಲೆದಾಟ ತಪ್ಪುತ್ತಿತ್ತೋ.

ಕನ್ನಡದಲ್ಲಿ ಹುಡುಕಿದರೆ ಸಿಗದ್ದು ಇಂಗ್ಲಿಷಿನಲ್ಲಿ ಸಿಗುತ್ತದೆ. ಕನ್ನಡದ್ದೇ ದೋಷವೇ?

ಅಲ್ಲ. ಕನ್ನಡವನ್ನು ಕಂಪ್ಯೂಟರಿಗೆ ಹಾಕಿದ ರೀತಿಯದು.

ಬಹಳ ವರ್ಷ ನಾವು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದೆವು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷಿನ ಕಲಸುಮೇಲೋಗರ. ಈಗ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, ಈ ಎರಡೂ ತಂತ್ರಾಂಶಗಳಲ್ಲಿ ಯುನಿಕೋಡ್ ಆಯ್ಕೆಯೂ ಇದೆ. ಆದರೂ ಹಳೆ ಅಭ್ಯಾಸದಲ್ಲಿ ತಯಾರಾದ ಸುತ್ತೋಲೆಗಳ ಪಿಡಿಎಫ್‌ಗಳು ಇಂದಿಗೂ ಸೈಟಿಗೆ ಏರುತ್ತವೆ. ಪರೀಕ್ಷಿಸುವುದು ಸುಲಭ: ಪಿಡಿಎಫ್‌ನ ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಇಂಗ್ಲಿಷ್ ಅಕ್ಷರಗಳ ಗೊಜ್ಜು ಬಂದರೆ ಅದು ಹಳೆ ಫಾಂಟು. ಸಾಲು ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಎರಡರೊಳಗಿನ ಮಾತೂ ಸೈಟಿನ ಹುಡುಕು ಪೆಟ್ಟಿಗೆಗೆ ಕಾಣುವುದಿಲ್ಲ. ಅಂಥ ಕಡತವನ್ನು ಹೆಸರು, ದಿನಾಂಕ, ಸುತ್ತೋಲೆ ಸಂಖ್ಯೆಯಿಂದ ಹಿಡಿಯಬೇಕೇ ಹೊರತು ಒಳಗಿನ ವಾಕ್ಯದಿಂದ ಅಲ್ಲ.

ಎರಡನೆಯದು ವಿಭಕ್ತಿ. ಹಾವೇರಿ, ಹಾವೇರಿಯ, ಹಾವೇರಿಯಲ್ಲಿ, ಹಾವೇರಿಗೆ ನಮಗೆ ಒಂದೇ ಊರು. ಸಾದಾ ಹುಡುಕು ಪೆಟ್ಟಿಗೆಗೆ ನಾಲ್ಕು ಬೇರೆ ಪದಗಳು. ಪ್ರತ್ಯಯ ಬಿಟ್ಟು ಮೂಲ ಪದವನ್ನಷ್ಟೇ ಕೊಡಿ. "ಹಾವೇರಿಯಲ್ಲಿ ಬೆಳೆ ವಿಮೆಗೆ ಅರ್ಜಿ ಹೇಗೆ" ಎನ್ನುವುದಕ್ಕಿಂತ "ಹಾವೇರಿ ಬೆಳೆ ವಿಮೆ ಅರ್ಜಿ" ಎಂದರೆ ಬೇಗ ಸಿಗುತ್ತದೆ.

ಮೂರನೆಯದು ಕಣ್ಣಿಗೆ ಕಾಣದ್ದು. "ಸಂಘ" ಮತ್ತು "ಸ೦ಘ" ಇವೆರಡನ್ನೂ ದಿಟ್ಟಿಸಿ ನೋಡಿ. ಮೊದಲನೆಯದರಲ್ಲಿ ಅನುಸ್ವಾರವಿದೆ, ಎರಡನೆಯದರಲ್ಲಿ ಟೈಪ್ ಮಾಡಿದವರು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ್ದಾರೆ. ಓದುವವರಿಗೆ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಅಜಗಜಾಂತರ. "ರ‍್ಯಾಂಕ್" ಪಟ್ಟಿ ಹುಡುಕುವಾಗಲೂ ಹೀಗೇ, ಕೆಲವರ ಟೈಪಿಂಗಿನಲ್ಲಿ ಅಲ್ಲಿ ಕಾಣದ ಒಂದು ಜೋಡಣೆಯ ಸಂಕೇತ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ಒಂದು ಪದ ಇರಲೇಬೇಕು ಎಂದು ಖಾತ್ರಿಯಿದ್ದೂ ಸಿಗದಿದ್ದರೆ ಸೊನ್ನೆ, ಒತ್ತು ಇಲ್ಲದ ಪಕ್ಕದ ಪದವೊಂದನ್ನು ಹುಡುಕಿ.

ಟೈಪ್ ಮಾಡುವುದೇ ಕಷ್ಟವೆನ್ನುವ ಹಿರಿಯರು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಲಿ. ನಮ್ಮ ಆಡುಮಾತನ್ನು ಅದು ಕೆಲವೊಮ್ಮೆ ತಪ್ಪಾಗಿ ಬರೆದುಕೊಳ್ಳುತ್ತದೆ, ಊರ ಹೆಸರನ್ನು ಒಮ್ಮೆ ಕಣ್ಣಾಡಿಸಿ ನೋಡಿಯೇ ಮುಂದುವರಿಯಲಿ.

ಮೊಬೈಲ್‌ನಲ್ಲಿ ಮೆನು ಕಾಣುವುದೇ ಇಲ್ಲ.

ಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಗೆರೆ ಇರುತ್ತವೆ, ಅದೇ ಮೆನು. ಅಲ್ಲೂ ಸಿಗದಿದ್ದರೆ ಪುಟದ ತಳಕ್ಕೆ ಹೋಗಿ, ಬಹಳ ಸೈಟುಗಳು "ಸೈಟ್ ಮ್ಯಾಪ್" ಎಂಬ ಕೊಂಡಿಯನ್ನು ಅಲ್ಲಿ ಇಟ್ಟಿರುತ್ತವೆ, ಅದರಲ್ಲಿ ಎಲ್ಲ ಪುಟಗಳ ಪಟ್ಟಿ ಇರುತ್ತದೆ. ಬ್ರೌಸರಿನ ಮೂರು ಚುಕ್ಕೆ ಒತ್ತಿ ಡೆಸ್ಕ್‌ಟಾಪ್ ಸೈಟ್ ಆರಿಸಿದರೆ ಅಡಗಿದ್ದ ಮೆನು ಪೂರ್ತಿ ತೆರೆದುಕೊಳ್ಳುವುದೂ ಉಂಟು.

ಪಟ್ಟಿ ಸಿಕ್ಕಿತು, ಅದರಲ್ಲಿ ನಮ್ಮ ಹೆಸರು ಎಲ್ಲಿದೆ?

ಕಂಪ್ಯೂಟರಿನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿ. ಫೋನಿನಲ್ಲಿ ಮೂರು ಚುಕ್ಕೆಯ ಕೆಳಗೆ ಪುಟದಲ್ಲಿ ಹುಡುಕುವ ಆಯ್ಕೆ ಇರುತ್ತದೆ. ಹೆಸರಿಗಿಂತ ನೋಂದಣಿ ಸಂಖ್ಯೆ ಹಾಕಿ, ಅಂಕಿಗೆ ಕಾಗುಣಿತದ ಕಾಟವಿಲ್ಲ.

ಒಳ್ಳೆಯ ಸೈಟಿನಲ್ಲಿ ಮೂರು ಕ್ಲಿಕ್‌ನೊಳಗೆ ಎಲ್ಲ ಸಿಗಬೇಕಂತೆ, ಹೌದೇ?

ಬಹಳ ಜನ ನಂಬುವ ಮಾತು. ಆದರೆ ಕ್ಲಿಕ್ಕಿನ ಎಣಿಕೆಗೂ ಜನರ ಬೇಸರಕ್ಕೂ ನೇರ ಸಂಬಂಧವಿಲ್ಲ ಎಂದು ವೆಬ್‌ಸೈಟ್ ಬಳಕೆಯನ್ನು ಅಧ್ಯಯನ ಮಾಡಿದ ಜೋಶುವಾ ಪೋರ್ಟರ್ 2003ರಲ್ಲೇ ತೋರಿಸಿದರು. ಪ್ರತಿ ಹೆಜ್ಜೆಗೂ "ಸರಿದಾರಿಯಲ್ಲಿದ್ದೇನೆ" ಎಂಬ ಭರವಸೆ ಸಿಕ್ಕರೆ ಜನ ಏಳೆಂಟು ಕ್ಲಿಕ್ ಆದರೂ ಮಾಡುತ್ತಾರೆ.

ಇದನ್ನು ಆಳವಾಗಿ ನೋಡಿದವರು ಪೀಟರ್ ಪಿರೋಲಿ ಮತ್ತು ಸ್ಟುವರ್ಟ್ ಕಾರ್ಡ್. 1990ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಇವರು, ಪ್ರಾಣಿ ಆಹಾರದ ವಾಸನೆ ಹಿಡಿದು ಸಾಗುವ ಹಾಗೆ ಜನರೂ ಮಾಹಿತಿಯ ವಾಸನೆ ಹಿಡಿದು ಕೊಂಡಿಯಿಂದ ಕೊಂಡಿಗೆ ಸಾಗುತ್ತಾರೆ ಎಂದರು. ವಾಸನೆ ಗಾಢವಾಗುತ್ತಾ ಹೋದರೆ ಮುಂದೆ ಹೋಗುತ್ತಾರೆ, ತೆಳುವಾದರೆ ಆ ಜಾಗ ಬಿಟ್ಟು ಬೇರೆಡೆ ಹೊರಡುತ್ತಾರೆ. "ಪಿಂಚಣಿ", ಆಮೇಲೆ "ವೃದ್ಧಾಪ್ಯ ವೇತನ", ಆಮೇಲೆ "ಅರ್ಜಿ ಸ್ಥಿತಿ" ಎಂದಿದ್ದರೆ ಮೂರೂ ಒಂದಕ್ಕಿಂತ ಒಂದು ಗಾಢ. "ಸೇವೆಗಳು", ಆಮೇಲೆ "ಇತರೆ", ಆಮೇಲೆ "ಇನ್ನಷ್ಟು" ಎಂದಿದ್ದರೆ ಯಾರಿಗೆ ಏನು ಹೊಳೆದೀತು? "ಇತರೆ" ಎಂಬ ಕೊಂಡಿಯನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಿಂದಿನ ಎರಡು ಪುಟಗಳಲ್ಲಿ ನಿಮ್ಮ ವಿಷಯದ ಒಂದು ಪದವೂ ಕಾಣದಿದ್ದರೆ ಅಲ್ಲೇ ಒದ್ದಾಡಬೇಡಿ, ಮುಖಪುಟಕ್ಕೆ ಮರಳಿ ಬೇರೆ ದಾರಿ ಹಿಡಿಯಿರಿ.

ಬ್ಯಾಡಗಿ ಮೆಣಸಿನಕಾಯಿಯ ಇವತ್ತಿನ ದರ ಎಲ್ಲಿ ನೋಡಬೇಕು?

ಗೂಗಲ್‌ನಲ್ಲಿ "ಇವತ್ತಿನ ದರ" ಎಂದು ಹುಡುಕಿದರೆ ವಿಡಿಯೋಗಳು ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಹೋದ ವರ್ಷದ್ದೂ ಇರುತ್ತವೆ, "ಇವತ್ತು" ಎಂದು ಹೆಸರಿಟ್ಟದ್ದು ಎಂದಿನದು ಎಂದು ದಿನಾಂಕ ನೋಡಿದ ಮೇಲಷ್ಟೇ ಗೊತ್ತಾಗುತ್ತದೆ. ರಾಜ್ಯದ ಎಪಿಎಂಸಿಗಳ ದರಕ್ಕೆ ಕೃಷಿ ಮಾರಾಟ ವಾಹಿನಿ ಎಂಬ ಸರ್ಕಾರಿ ಸೈಟ್ ಇದೆ. ಅಲ್ಲಿ ಒಣ ಮೆಣಸಿನಕಾಯಿ ಎಂಬ ಉತ್ಪನ್ನದ ಕೆಳಗೆ ತಳಿ ನೋಡಬೇಕು, ಬ್ಯಾಡಗಿ ಎಂಬುದು ಮಾರುಕಟ್ಟೆಯ ಹೆಸರೂ ಹೌದು, ತಳಿಯ ಹೆಸರೂ ಹೌದು. ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಗರಿಷ್ಠ ದರ ಕಂಡು ಹಿಗ್ಗಿ ಗಾಡಿ ಕಟ್ಟಬೇಡಿ, ಅಂದು ಹೆಚ್ಚಿನ ಮಾಲು ಹೋದ ದರ ಮಾದರಿ ಎಂಬ ಖಾನೆಯಲ್ಲಿರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ. ಉಳಿದ ದಿನ ಖಾನೆ ಖಾಲಿ ಕಂಡರೆ ಸೈಟ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಮೊದಲು ಬಂದದ್ದೇ ಸರಿಯಾದ ಸೈಟಲ್ಲವೇ?

ಅಲ್ಲ. ಮೇಲಿನ ಒಂದೆರಡು ಬಹಳ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು, ಪಕ್ಕದಲ್ಲಿ ಸಣ್ಣದಾಗಿ "ಪ್ರಾಯೋಜಿತ" ಎಂದಿರುತ್ತದೆ. ಸರ್ಕಾರಿ ಕೆಲಸಕ್ಕೆ ವಿಳಾಸದ ಕೊನೆ ನೋಡಿ: ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್. ನಡುವೆ ಎಲ್ಲೋ ಇದ್ದರೆ ಸಾಲದು, ಆರಂಭದ https:// ಬಿಟ್ಟು, ಮೊದಲ ಓರೆಗೆರೆಗೆ (/) ಮುಂಚಿನ ಕೊನೆಯ ಭಾಗ ಅದೇ ಆಗಿರಬೇಕು.

ಬ್ಯಾಂಕು, ಗ್ಯಾಸ್, ಕೊರಿಯರ್‌ಗಳ ಗ್ರಾಹಕ ಸೇವಾ ನಂಬರನ್ನು ದಯವಿಟ್ಟು ಗೂಗಲ್‌ನಲ್ಲಿ ಹುಡುಕಬೇಡಿ. ಪಾಸ್‌ಬುಕ್, ಬಿಲ್ಲು, ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರಿಗೇ ಕರೆ ಮಾಡಿ. ವಂಚಕರು ತಮ್ಮ ನಂಬರನ್ನೇ ಬ್ಯಾಂಕಿನದೆಂದು ಹಾಕಿರುತ್ತಾರೆ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಒಂದು ಹುಡುಕಿದರೆ ಇನ್ನೊಂದು ಬರುತ್ತದೆ. ನಾನು ಹುಡುಕುವ ವಿಷಯವೇ ಬದಲಾಗಿಬಿಡುತ್ತದೆ.

"ನರಗುಂದ ಬಂಡಾಯ" ಎಂದು ಹಾಕಿ ನೋಡಿ. 1858ರಲ್ಲಿ ನರಗುಂದದ ದೊರೆ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದೂ ಬರುತ್ತದೆ, 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದದ್ದೂ ಬರುತ್ತದೆ. ಇಸವಿ ಸೇರಿಸಿ, ಇಲ್ಲವೇ "ರೈತ" ಎಂಬ ಒಂದು ಪದ ಸೇರಿಸಿ. ಎರಡೂ ಬೇರೆಯಾಗುತ್ತವೆ. ಇಡೀ ಪದಗುಚ್ಛ ಹಾಗೇ ಬೇಕೆಂದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಬೇಡದ ಪದ ಶುರುವಾಗುವ ಮುಂಚೆ, ಅದಕ್ಕೆ ಅಂಟಿದಂತೆ, ಕಳೆಯುವ ಚಿಹ್ನೆ (-) ಹಾಕಿ.

ವಿಷಯ ಬದಲಾಗುವುದು ಕೆಟ್ಟದ್ದೇನಲ್ಲ. 1989ರಲ್ಲಿ ಮಾರ್ಸಿಯಾ ಬೇಟ್ಸ್ ಎಂಬ ಗ್ರಂಥಾಲಯ ವಿದ್ವಾಂಸೆ, ಜನ ಒಂದೇ ಸಲಕ್ಕೆ ಒಂದೇ ಉತ್ತರ ಪಡೆಯುವುದಿಲ್ಲ, ಅಲ್ಲಿಷ್ಟು ಇಲ್ಲಿಷ್ಟು ಆಯ್ದುಕೊಳ್ಳುತ್ತಾ ಹೋಗುತ್ತಾರೆ, ಹೋದಂತೆ ಪ್ರಶ್ನೆಯೂ ಬದಲಾಗುತ್ತದೆ ಎಂದರು. ರೈತ ಬಂಡಾಯ ಓದಲು ಹೋದ ವಿದ್ಯಾರ್ಥಿ ಬಾಬಾಸಾಹೇಬನ ಕೋಟೆಯಲ್ಲಿ ಒಂದು ಗಂಟೆ ಕಳೆದರೆ ಅದೂ ಓದೇ. ದಾರಿಯಲ್ಲಿ ಸಿಕ್ಕ ಪುಟದ ವಿಳಾಸ ಉಳಿಸಿಟ್ಟುಕೊಳ್ಳಿ, ಮತ್ತೆ ಹುಡುಕಿದಾಗ ಸಿಗುತ್ತದೆಂದು ಹೇಳಲಾಗದು.

ಎಐ ಕೇಳಿದರೆ ಸೀದಾ ಉತ್ತರ ಕೊಡುತ್ತದಲ್ಲ?

ಕಚೇರಿಯ ಮಾತು ಯಾವುದು ಎಂದು ತಿಳಿಯಲು ಕೇಳಿ, ಅದಕ್ಕೆ ಚೆನ್ನಾಗಿದೆ. ಕೊನೆಯ ದಿನಾಂಕ, ಶುಲ್ಕ, ಅರ್ಹತೆಗಳನ್ನು ಮಾತ್ರ ಮೂಲ ಸೈಟಿನಲ್ಲಿ ಕಣ್ಣಾರೆ ನೋಡಿ.

ನಮ್ಮ ಸಂಘಕ್ಕೆ ವೆಬ್‌ಸೈಟ್ ಮಾಡುತ್ತಿದ್ದೇವೆ. ಏನು ನೆನಪಿಡಬೇಕು?

ನಮ್ಮ ದೇಶದ ಗ್ರಂಥಾಲಯ ವಿದ್ವಾಂಸ ಎಸ್. ಆರ್. ರಂಗನಾಥನ್ ಗ್ರಂಥಾಲಯಗಳಿಗೆ 1931ರಲ್ಲಿ ಐದು ಸೂತ್ರ ಕೊಟ್ಟರು, ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುತ್ತದೆ. ವೆಬ್‌ಸೈಟಿಗೂ ಅದೊಂದೇ ಸೂತ್ರ ಸಾಕು ಎಂದು ನಾನು ನಂಬುತ್ತೇನೆ.

ಅಧ್ಯಕ್ಷರ ಭಾವಚಿತ್ರವನ್ನು ಒಳಪುಟಕ್ಕೆ ಹಾಕಿ, ಜನ ಕೇಳಿಕೊಂಡು ಬರುವುದನ್ನು ಮುಖಪುಟದಲ್ಲಿ ಇಡಿ. ಪಹಣಿ ಎಂದು ಬರೆದಲ್ಲಿ ಉತಾರ ಎಂದೂ ಬರೆಯಿರಿ. ಎಲ್ಲವನ್ನೂ ಯುನಿಕೋಡ್‌ನಲ್ಲಿ ಪಠ್ಯವಾಗಿ ಹಾಕಿ, ಪ್ರಕಟಣೆಯ ಫೋಟೋ ತೆಗೆದು ಹಾಕಬೇಡಿ. ಹಾಗೆ ಹಾಕಿದರೆ ಹುಡುಕುವವರಿಗೂ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿಯೂ ಹೇಳಲಾರದು. ಪ್ರತಿ ಪುಟದಲ್ಲಿ ದಿನಾಂಕ ಇರಲಿ. ಸೈಟ್ ಹೊಸದು ಮಾಡುವಾಗ ಹಳೆ ವಿಳಾಸಗಳನ್ನು ಮುರಿಯಬೇಡಿ.

ಸೈಟ್ ತೆರೆಯುವ ಮುನ್ನ, ಕಂಪ್ಯೂಟರ್ ಹೆಚ್ಚು ಮುಟ್ಟದ ಒಬ್ಬರನ್ನು ಕೂರಿಸಿ. "ಅಕ್ಕಾರ, ಸದಸ್ಯತ್ವದ ಅರ್ಜಿ ಹುಡುಕ್ರಿ" ಎಂದಷ್ಟೇ ಹೇಳಿ ಸುಮ್ಮನೆ ನೋಡುತ್ತಿರಿ. ತೋರಿಸಿಕೊಡಬೇಡಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಯಾವ ಪದ ಎರಡು ಸಲ ಓದುತ್ತಾರೆ, ಎಲ್ಲಿ ಹಿಂದಕ್ಕೆ ಬರುತ್ತಾರೆ ಬರೆದುಕೊಳ್ಳಿ. ನಾಲ್ಕೈದು ಜನರನ್ನು ಹೀಗೆ ನೋಡಿದರೆ ದೊಡ್ಡ ದೊಡ್ಡ ತೊಡಕುಗಳೆಲ್ಲ ಹೊರಬೀಳುತ್ತವೆ. ಆಮೇಲೆ ತಿಂಗಳಿಗೊಮ್ಮೆ ನಿಮ್ಮ ಹುಡುಕು ಪೆಟ್ಟಿಗೆಯಲ್ಲಿ ಜನ ಏನು ಬರೆದರು, ಯಾವುದಕ್ಕೆ ಉತ್ತರ ಸಿಗಲಿಲ್ಲ ಎಂಬ ಪಟ್ಟಿ ತೆಗೆಸಿ ಓದಿ. ಜನ ತಮ್ಮ ಮಾತಿನಲ್ಲೇ ತಮಗೆ ಬೇಕಾದ್ದನ್ನು ಹೇಳಿರುತ್ತಾರೆ.

ಹಳೆ ಲಿಂಕ್ ಒತ್ತಿದರೆ 404 ಎನ್ನುತ್ತದೆ.

ಪುಟ ಜಾಗ ಬದಲಿಸಿದೆ, ಇಲ್ಲವೇ ತೆಗೆದಿದ್ದಾರೆ. ಶೀರ್ಷಿಕೆ ನೆನಪಿದ್ದರೆ ಅದನ್ನೇ ಹುಡುಕಿ. ಸಿಗದಿದ್ದರೆ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ವಿಳಾಸ ಅಂಟಿಸಿ, ಹಳೆ ಪ್ರತಿ ಉಳಿದಿರಬಹುದು.

ಎಲ್ಲ ಮಾಡಿ ನೋಡಿದರೂ ಸಿಗಲಿಲ್ಲ. ಮುಂದೆ?

ಸರ್ಕಾರಿ ಸೈಟಾದರೆ "ಮಾಹಿತಿ ಹಕ್ಕು" ಎಂಬ ಕೊಂಡಿ ತೆರೆದು 4(1)(ಬಿ) ಎಂಬ ಕಡತ ನೋಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಪ್ರತಿ ಕಚೇರಿಯೂ ತನ್ನ ಕೆಲಸ, ಅಧಿಕಾರಿಗಳು, ಅವರ ಹೊಣೆಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಮುಖಪುಟದಲ್ಲಿ ಎಲ್ಲೂ ಕಾಣದ ವಿಭಾಗದ ಹೆಸರು, ಫೋನ್ ನಂಬರ್ ಬಹಳ ಸಲ ಅದರಲ್ಲಿ ಸಿಗುತ್ತವೆ. ವಿದ್ಯುತ್ ದೂರಿಗಾದರೆ ಹುಡುಕುವುದೇ ಬೇಡ, 1912ಕ್ಕೆ ಕರೆ ಮಾಡಿ.

ಆ 4(1)(ಬಿ) ಕಡತದಲ್ಲೂ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರದಂತೆ ಬರೆಯಬೇಕು. ಕನ್ನಡದಲ್ಲೇ ಬರೆಯಬಹುದು. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.